ಮರದ ಮೇಜು ಮಾಡುವ ಮುನ್ನ: ಪಾಲಿಶ್‌ನಿಂದ ಹಿಂದಕ್ಕೆ ಲೆಕ್ಕ ಹಾಕಿ

ಸ್ವಂತ ಕೈಯಿಂದ ಒಂದು ಬರೆಯುವ ಮೇಜು ಮಾಡಬೇಕು ಅಂತ ಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಯಾವ ಮರ ಒಳ್ಳೆಯದು?’ ನಾನೂ ಅಲ್ಲಿಂದಲೇ ಶುರು ಮಾಡಿದ್ದೆ. ಮೂರು ಮೇಜು ಮಾಡಿ, ಅದರಲ್ಲಿ ಒಂದನ್ನು ಕೆಡಿಸಿಕೊಂಡ ಮೇಲೆ, ಈಗ ಆ ಪ್ರಶ್ನೆಯನ್ನು ಎರಡನೇ ಸಾಲಿಗೆ ತಳ್ಳಿದ್ದೇನೆ. ದಿನಾ ನಿಮ್ಮ ಮೊಣಕೈ ತಾಗುವುದು ಮರಕ್ಕಲ್ಲ, ಮರದ ಮೇಲೆ ಬಳಿದಿರುವ ಪದರಕ್ಕೆ. ಬಿಸಿ ಲೋಟ ಕೂರುವುದು, ನೀರು ಚೆಲ್ಲುವುದು, ಕೀಲಿ ಗೊಂಚಲು ಎಸೆಯುವುದು, ಎಲ್ಲ ಅದರ ಮೇಲೇ. ಆ ಪದರ ಯಾವುದು ಅಂತ ಮೊದಲು ತೀರ್ಮಾನ ಮಾಡಿದರೆ ಮರದ ಆಯ್ಕೆ ಅರ್ಧ ಮುಗಿದ ಹಾಗೆ. ಮರ ಗೊತ್ತಾದರೆ ಅದನ್ನು ಕಾಲುಗಳ ಮೇಲೆ ಹೇಗೆ ಕೂರಿಸಬೇಕು ಅನ್ನುವುದೂ ಗೊತ್ತಾಗುತ್ತದೆ.

ಹಾಗಾಗಿ ಇಲ್ಲಿ ಎಲ್ಲ ತಿರುವುಮುರುವು. ಮೊದಲು ಫಿನಿಶ್, ಆಮೇಲೆ ಮರ, ಕೊನೆಗೆ ಕಾಲು ಮತ್ತು ಜೋಡಣೆ.

ಒಳಗೆ ಇಳಿಯುವುದು, ಮೇಲೆ ಪೊರೆ ಕಟ್ಟುವುದು

ಅಂಗಡಿಯಲ್ಲಿ ಡಬ್ಬಿಗಳು ಎಷ್ಟೇ ಇರಲಿ, ಫಿನಿಶ್‌ನಲ್ಲಿ ಮುಖ್ಯವಾಗಿ ಎರಡೇ ಜಾತಿ. ಒಂದು ಮರದ ಒಳಗೆ ಇಳಿಯುತ್ತದೆ, ಇನ್ನೊಂದು ಮರದ ಮೇಲೆ ಪೊರೆ ಕಟ್ಟುತ್ತದೆ. ಎಣ್ಣೆಗಳು ಮೊದಲನೇ ಜಾತಿ. ಅರಗು, ವಾರ್ನಿಶ್, ಪಾಲಿಯುರಿಥೇನ್ (ಪ್ಲಾಸ್ಟಿಕ್ ರಾಳದ ವಾರ್ನಿಶ್), ಲ್ಯಾಕರ್ ಎರಡನೇ ಜಾತಿ.

ಇವುಗಳಲ್ಲಿ ಆರಿಸುವಾಗ ‘ಯಾವುದು ಗಟ್ಟಿ’ ಅಂತ ಕೇಳುವ ಬದಲು ‘ಕೆಟ್ಟರೆ ಸರಿ ಮಾಡುವವರು ಯಾರು’ ಅಂತ ಕೇಳಿಕೊಳ್ಳಿ. ಗೀರು ಬೀಳದ ಮೇಜು ಅಂತ ಒಂದಿಲ್ಲ. ಎಣ್ಣೆ ಹಚ್ಚಿದ ಮೇಜಿಗೆ ಬೇಗ ಕಲೆಯಾಗುತ್ತದೆ ನಿಜ. ಆದರೆ ಅಷ್ಟು ಜಾಗ ಮಾತ್ರ ಉಜ್ಜಿ, ಒಂದಿಷ್ಟು ಎಣ್ಣೆ ಸವರಿ ಒರೆಸಿದರೆ ಕೆಲಸ ಮುಗಿಯಿತು. ಪಾಲಿಯುರಿಥೇನ್ ಬಳಿದ ಮೇಜು ವರ್ಷಗಟ್ಟಲೆ ಹಾಗೇ ಇರುತ್ತದೆ. ಪೊರೆ ಒಮ್ಮೆ ಒಡೆಯಿತೋ, ತೇಪೆ ಹಾಕಿದ್ದು ಎದ್ದು ಕಾಣುತ್ತದೆ. ಚೆನ್ನಾಗಿ ಆಗಬೇಕಾದರೆ ಇಡೀ ಮೇಲ್ಮೈ ಉಜ್ಜಿ ಮತ್ತೆ ಬಳಿಯಬೇಕು. ನೀವು ವರ್ಷಕ್ಕೊಮ್ಮೆ ಮೇಜಿಗೆ ಒಂದು ಗಂಟೆ ಕೊಡುವವರೋ, ಅಥವಾ ಒಮ್ಮೆ ಮಾಡಿ ಮರೆತುಬಿಡುವವರೋ? ಉತ್ತರ ಪ್ರಾಮಾಣಿಕವಾಗಿರಲಿ. ನಾನು ಮೊದಲ ಸಲ ಇದರಲ್ಲೇ ಸುಳ್ಳು ಹೇಳಿಕೊಂಡೆ.

ಎಣ್ಣೆ ಯಾರಿಗೆ

ಅಗಸೆ ಎಣ್ಣೆ ಮತ್ತು ಟಂಗ್ ಅನ್ನುವ ಮರದ ಬೀಜದ ಎಣ್ಣೆ, ಇವೆರಡು ಹಳೇ ಹೆಸರುಗಳು. ಎರಡೂ ಗಾಳಿಯಲ್ಲಿನ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುವ ಎಣ್ಣೆಗಳು. ಅಡುಗೆಮನೆಯ ಯಾವುದೋ ಎಣ್ಣೆ ಹಚ್ಚಿದರೆ ಇದು ನಡೆಯುವುದಿಲ್ಲ, ಅದು ಹಾಗೇ ಜಿಡ್ಡಾಗಿ ಉಳಿದು ಕಮಟು ವಾಸನೆ ಬರುತ್ತದೆ. ಹಸಿ ಅಗಸೆ ಎಣ್ಣೆ ಒಣಗಲು ದಿನಗಳಲ್ಲ, ಕೆಲವೊಮ್ಮೆ ವಾರಗಳೇ ಬೇಕು. ಅದಕ್ಕೇ ‘ಬಾಯಿಲ್ಡ್’ ಅಂತ ಬರೆದ ಡಬ್ಬಿ ಸಿಗುತ್ತದೆ. ಹೆಸರು ಹಾಗಿದ್ದರೂ ಈಗ ಬರುವುದು ಕುದಿಸಿದ ಎಣ್ಣೆಯೇನಲ್ಲ, ಬೇಗ ಒಣಗಲಿ ಅಂತ ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹದ ಲವಣ ಸೇರಿಸಿದ ಎಣ್ಣೆ. ಹಾಗಾಗಿ ನಾಲಿಗೆಗೆ ತಾಗುವ ಯಾವುದಕ್ಕೂ ಅದನ್ನು ಬಳಸಬೇಡಿ. ಮೇಜಿಗಾದರೆ ಪರವಾಗಿಲ್ಲ.

ಬರೀ ಎಣ್ಣೆ ನೀರಿಗೆ ಹೆಚ್ಚು ಹೊತ್ತು ತಡೆಯುವುದಿಲ್ಲ. ಒದ್ದೆ ಲೋಟ ಅರ್ಧ ಗಂಟೆ ಕೂತರೆ ಉಂಗುರ ಗ್ಯಾರಂಟಿ. ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಇರುವುದು ಎಣ್ಣೆ ಮತ್ತು ಮೇಣ ಸೇರಿದ ಹಾರ್ಡ್‌ವ್ಯಾಕ್ಸ್ ಆಯಿಲ್. ತೆಳುವಾಗಿ ಎರಡು ಸಲ ಹಚ್ಚಿದರೆ ಸಾಕು. ಮುಟ್ಟಿದರೆ ಮರವನ್ನೇ ಮುಟ್ಟಿದ ಹಾಗಿರುತ್ತದೆ, ನೀರೂ ಒಂದಿಷ್ಟು ಹೊತ್ತು ಮಣಿಯಾಗಿ ನಿಲ್ಲುತ್ತದೆ. ನನ್ನ ಈಗಿನ ಮೇಜಿಗೆ ಇದನ್ನೇ ಹಚ್ಚಿದ್ದೇನೆ. ಹಚ್ಚುವುದಕ್ಕಿಂತ ಒರೆಸುವುದೇ ದೊಡ್ಡ ಕೆಲಸ ಅನ್ನುವುದು ಮಾತ್ರ ನೆನಪಿರಲಿ. ಮೇಲೆ ಉಳಿದ ಎಣ್ಣೆಯನ್ನು ಒಣಬಟ್ಟೆಯಲ್ಲಿ ಪೂರ್ತಿ ತೆಗೆಯದಿದ್ದರೆ ಅದು ಅಂಟಂಟಾಗಿ ಕೂತುಬಿಡುತ್ತದೆ, ಆಮೇಲೆ ಉಜ್ಜಿ ತೆಗೆಯುವುದೇ ದಾರಿ.

ಇನ್ನು ಆ ಒರೆಸಿದ ಬಟ್ಟೆಯ ವಿಷಯ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಹರಡಿದ ಹಲಗೆಯ ಮೇಲೆ ಆ ಬಿಸಿ ಗಾಳಿಗೆ ಹೋಗುತ್ತದೆ. ಮುದ್ದೆ ಮಾಡಿದ ಬಟ್ಟೆಯೊಳಗೆ ಎಲ್ಲಿಗೆ ಹೋಗಬೇಕು? ಒಂದು ಸಂಜೆ ನಾನು ಅಂಥ ಬಟ್ಟೆಯನ್ನು ಉಂಡೆ ಮಾಡಿ ಪ್ಲಾಸ್ಟಿಕ್ ಬಕೆಟ್ಟಿಗೆ ಎಸೆದು ಊಟಕ್ಕೆ ಹೋಗಿದ್ದೆ. ತಿರುಗಿ ಬಂದು, ಇನ್ನೊಂದು ಕೈ ಒರೆಸೋಣ ಅಂತ ಅದನ್ನೇ ಎತ್ತಿಕೊಂಡೆ. ಈಗಷ್ಟೇ ಇಸ್ತ್ರಿ ಮಾಡಿದ ಅಂಗಿಯಂತೆ ಬಿಸಿ ಇತ್ತು, ಒಳಮಡಿಕೆಯಲ್ಲಂತೂ ಬೆರಳು ಇಡಲಾಗಲಿಲ್ಲ. ಇನ್ನೊಂದು ಗಂಟೆ ಬಿಟ್ಟಿದ್ದರೆ ಏನಾಗುತ್ತಿತ್ತೋ. ಬಟ್ಟೆಯನ್ನು ಹೊರಗೆ ಒಂದೇ ಪದರವಾಗಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿಡಿ.

ಅರಗು, ವಾರ್ನಿಶ್ ಮತ್ತು ಉಳಿದವು

ಅರಗು ನನಗೆ ಬಹಳ ಇಷ್ಟ. ಮೇಜಿನ ಮೇಲ್ಮೈಗೆ ಮಾತ್ರ ಬೇಡ. ಅರಗಿನ ಹುಳು ಕೊಂಬೆಯ ಮೇಲೆ ಕಟ್ಟುವ ಅಂಟನ್ನು ಶುದ್ಧ ಮಾಡಿ, ಚಕ್ಕೆ ಮಾಡಿ, ಸ್ಪಿರಿಟ್ಟಿನಲ್ಲಿ ಕರಗಿಸಿದರೆ ಅದೇ ಪಾಲಿಶ್. ಅರ್ಧ ಗಂಟೆ, ಒಂದು ಗಂಟೆಯಲ್ಲಿ ಮುಂದಿನ ಕೈ ಹೊಡೆಯಬಹುದು. ಹೊಸ ಪದರ ಹಳೆಯದನ್ನು ಕರಗಿಸಿಕೊಂಡು ಒಂದಾಗುವುದರಿಂದ ರಿಪೇರಿ ಗೊತ್ತೇ ಆಗುವುದಿಲ್ಲ. ಹೊಳಪಂತೂ ಕೇಳಬೇಡಿ. ಆದರೆ ಅರಗು 75 ಡಿಗ್ರಿ ಸುತ್ತಮುತ್ತ ಕರಗುತ್ತದೆ, ಅದಕ್ಕೆ ಮೊದಲೇ ಮೆತ್ತಗಾಗುತ್ತದೆ. ಬಿಸಿ ಲೋಟ ಇಟ್ಟರೆ ಬಿಳಿ ಉಂಗುರ. ಕೈಗೆ ಹಚ್ಚುವ ಸ್ಯಾನಿಟೈಸರ್ ಒಂದು ಹನಿ ಬಿದ್ದರೂ ಪೊರೆ ಕರಗಿ ಗುಳಿಯಾಗುತ್ತದೆ, ಯಾಕೆಂದರೆ ಅದರಲ್ಲಿರುವುದೂ ಆಲ್ಕೋಹಾಲೇ.

ಮತ್ತೆ ಯಾಕೆ ಹೇಳಿದೆ ಅಂದರೆ, ಅರಗಿಗೆ ಮೇಜಿನಲ್ಲಿ ಎರಡು ಕಡೆ ಬೇರೆ ಯಾರೂ ತುಂಬಲಾಗದ ಜಾಗ ಇದೆ. ಒಂದು, ಡ್ರಾಯರ್ ಒಳಗೆ. ಎಣ್ಣೆಯಾಗಲಿ ಎಣ್ಣೆ ವಾರ್ನಿಶ್ ಆಗಲಿ ಗಾಳಿಯಾಡದ ಡ್ರಾಯರಿನಲ್ಲಿ ತಿಂಗಳುಗಟ್ಟಲೆ ನಾರುತ್ತದೆ, ಕಾಗದಕ್ಕೂ ಆ ವಾಸನೆ ಹತ್ತುತ್ತದೆ. ಅರಗಿನ ವಾಸನೆ ಒಂದೆರಡು ದಿನದಲ್ಲಿ ಹೋಗುತ್ತದೆ. ಎರಡು, ಅಡಿಪದರವಾಗಿ. ಮೇಣ ತೆಗೆದ ಅರಗು ಬಹುತೇಕ ಎಲ್ಲದಕ್ಕೂ ಕಚ್ಚಿಕೊಳ್ಳುತ್ತದೆ, ಅದರ ಮೇಲೆ ಬೇರೆ ಏನು ಬೇಕಾದರೂ ಬಳಿಯಬಹುದು. ಮೇಣ ಇರುವ ಅರಗಿನ ಮೇಲೆ ಪಾಲಿಯುರಿಥೇನ್ ಸರಿಯಾಗಿ ಹಿಡಿಯುವುದಿಲ್ಲ, ಕೊಳ್ಳುವಾಗ ಕೇಳಿ ನೋಡಿ.

ಪಾಲಿಯುರಿಥೇನ್‌ನಲ್ಲಿ ಎಣ್ಣೆಯದು, ನೀರಿನದು ಅಂತ ಎರಡು. ಇವೆರಡರ ನಡುವೆ ಆರಿಸುವುದು ಸುಲಭ, ಬಣ್ಣ ನೋಡಿದರೆ ಸಾಕು. ಎಣ್ಣೆಯದು ಜೇನಿನ ಬಣ್ಣ ಕೊಡುತ್ತದೆ, ವರ್ಷ ಕಳೆದ ಹಾಗೆ ಇನ್ನೂ ಹಳದಿಯಾಗುತ್ತದೆ. ತೇಗ, ವಾಲ್‌ನಟ್‌ನಂಥ ಕಂದು ಮರಕ್ಕೆ ಇದು ಒಪ್ಪುತ್ತದೆ, ಒಳಗಿನಿಂದ ದೀಪ ಹಚ್ಚಿದ ಹಾಗೆ. ನೀರಿನದು ಬಣ್ಣ ಬದಲಿಸುವುದಿಲ್ಲ. ಮೇಪಲ್‌ನಂಥ ಬಿಳಿ ಮರ ಬಿಳಿಯಾಗೇ ಉಳಿಯಬೇಕಾದರೆ ಅದೇ ಸರಿ. ಅದೇ ಕಂದು ಮರದ ಮೇಲೆ ಸ್ವಲ್ಪ ಪೇಲವ ಅನ್ನಿಸುತ್ತದೆ. ನೀರಿನದು ಎರಡು ಮೂರು ಗಂಟೆಗೆ ಒಣಗುತ್ತದೆ, ವಾಸನೆ ಕಡಿಮೆ, ಮಲಗುವ ಮನೆಯ ಪಕ್ಕದಲ್ಲೇ ಕೆಲಸ ಮಾಡುವವರಿಗೆ ಅನುಕೂಲ. ಆದರೆ ಮೊದಲ ಕೈಗೇ ಮರದ ರೋಮ ಎದ್ದು ನಿಲ್ಲುತ್ತದೆ. ಅದಕ್ಕೆ ಉಪಾಯ ಇದೆ: ಬಳಿಯುವ ಮುಂಚೆ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಲು ಬಿಟ್ಟು, ಎದ್ದ ರೋಮವನ್ನು 220ರ ಉಪ್ಪುಕಾಗದದಿಂದ (ಅಂಕೆ ಹೆಚ್ಚಿದಷ್ಟೂ ಕಾಗದ ನುಣುಪು) ಹಗುರವಾಗಿ ಸವರಿಬಿಡಿ. ಓಕ್ ಮರವಾದರೆ ಇನ್ನೊಂದು ಎಚ್ಚರಿಕೆ. ಉಕ್ಕಿನ ಉಣ್ಣೆಯಿಂದ ಉಜ್ಜಬೇಡಿ. ಅದರ ಚೂರುಗಳು ರಂಧ್ರದಲ್ಲಿ ಉಳಿದು, ನೀರು ತಾಗಿ, ಮರದಲ್ಲಿರುವ ಟ್ಯಾನಿನ್ ಅನ್ನುವ ಒಗರು ಅಂಶದ ಜೊತೆ ಸೇರಿ ಕಪ್ಪು ಚುಕ್ಕೆಗಳಾಗುತ್ತವೆ.

ಬ್ರಷ್ ಹಿಡಿದು ಅಭ್ಯಾಸ ಇಲ್ಲದವರು ಎಣ್ಣೆಯ ಪಾಲಿಯುರಿಥೇನ್‌ಗೆ ಅಷ್ಟೇ ಪ್ರಮಾಣದ ಟರ್ಪೆಂಟೈನ್ ಬೆರೆಸಿ ಬಟ್ಟೆಯಿಂದ ಒರೆಸುತ್ತಾ ಹೋಗಬಹುದು. ಪದರ ತೀರಾ ತೆಳು, ಆರೇಳು ಸಲ ಒರೆಸಬೇಕು. ಆದರೆ ಬ್ರಷ್ ಗುರುತು ಇಲ್ಲ, ಗುಳ್ಳೆ ಇಲ್ಲ, ಸೋರಿ ಇಳಿದ ಹನಿ ಇಲ್ಲ. ಮೊದಲ ಮೇಜು ಮಾಡುವವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ. ಡಬ್ಬಿಯನ್ನು ಮಾತ್ರ ಕುಲುಕಬೇಡಿ, ಕಡ್ಡಿಯಿಂದ ನಿಧಾನ ಕಲಕಿ. ಕುಲುಕಿದರೆ ಎದ್ದ ಗುಳ್ಳೆಗಳು ಹಲಗೆಯ ಮೇಲೂ ಬರುತ್ತವೆ.

ಲ್ಯಾಕರ್, ಎರಡು ಡಬ್ಬಿ ಬೆರೆಸುವ ಪಿಯು (ಪಾಲಿಯುರಿಥೇನ್), ಇವು ಸ್ಪ್ರೇ ಗನ್ ಮತ್ತು ಗಾಳಿ ಎಳೆಯುವ ಫ್ಯಾನ್ ಇರುವವರ ಆಟ. ಗಟ್ಟಿತನದಲ್ಲಿ ಎರಡು ಡಬ್ಬಿಯ ಪಿಯುವನ್ನು ಮೀರಿಸುವುದು ಕಷ್ಟ. ಮನೆಯಲ್ಲಿ ಸುಮ್ನೆ ಕೈ ಹಾಕಬೇಡಿ, ಬೇಕೇ ಬೇಕಾದರೆ ಹಲಗೆಯನ್ನು ಬಳಿಯುವವರಿಗೆ ಒಪ್ಪಿಸಿ.

ತುಂಡು ಹಲಗೆಯ ಪರೀಕ್ಷೆ

ಇಷ್ಟು ಓದಿ ತಲೆ ತಿರುಗುತ್ತಿದ್ದರೆ ಒಂದು ಅಡಿ ಉದ್ದದ ತುಂಡು ಹಲಗೆ ತೆಗೆದುಕೊಳ್ಳಿ. ಮೇಜನ್ನು ಹೇಗೆ ಉಜ್ಜುತ್ತೀರೋ ಹಾಗೇ ಉಜ್ಜಿ. ಪೆನ್ಸಿಲ್‌ನಿಂದ ನಾಲ್ಕು ಪಟ್ಟಿ ಮಾಡಿ, ಒಂದೊಂದಕ್ಕೆ ಒಂದೊಂದು ಫಿನಿಶ್ ಹಚ್ಚಿ. ಎರಡು ವಾರ ಬಿಡಿ. ಆಮೇಲೆ ಬಿಸಿನೀರಿನ ಲೋಟ ಹತ್ತು ನಿಮಿಷ ಇಡಿ. ರಾತ್ರಿಯಿಡೀ ಒಂದು ಹನಿ ನೀರು ಬಿಡಿ. ಉಗುರಿನಿಂದ ಗೀರಿ.

ನಾನು ಹೀಗೆ ಮಾಡಿದ ಹಲಗೆ ಇನ್ನೂ ಇದೆ. ಅಗಸೆ ಎಣ್ಣೆಯ ಪಟ್ಟಿಯಲ್ಲಿ ನೀರಿನ ಹನಿ ಕಪ್ಪು ಕಣ್ಣಿನ ಹಾಗೆ ಕೂತಿದೆ. ಅರಗಿನ ಪಟ್ಟಿಯಲ್ಲಿ ಲೋಟದ ಅರ್ಧಚಂದ್ರ. ಹಾರ್ಡ್‌ವ್ಯಾಕ್ಸ್ ಪಟ್ಟಿಯಲ್ಲಿ ಬೆಳಕಿಗೆ ಓರೆ ಹಿಡಿದರೆ ಮಾತ್ರ ಕಾಣುವ ಮಸುಕು. ಪಾಲಿಯುರಿಥೇನ್ ಪಟ್ಟಿಯಲ್ಲಿ ಏನೂ ಇಲ್ಲ. ಆದರೆ ಕೊನೆಯ ಪರೀಕ್ಷೆಯಲ್ಲಿ ನಾಲ್ಕೂ ಸೋತವು. ಒಂದೇ ಒಂದು ಹಾಳೆ ಇಟ್ಟು, ಬಾಲ್‌ಪೆನ್‌ನಿಂದ ಒತ್ತಿ ‘ಮೇಜು’ ಅಂತ ಬರೆದೆ. ಹಾಳೆ ತೆಗೆದರೆ ನಾಲ್ಕೂ ಪಟ್ಟಿಯಲ್ಲಿ ‘ಮೇಜು’ ಅಂತ ಅಚ್ಚಾಗಿತ್ತು. ಆ ತುಂಡು ಪೈನ್ ಮರದ್ದು.

ಪದರ ಎಷ್ಟೇ ಗಟ್ಟಿ ಇರಲಿ, ಅದರ ದಪ್ಪ ಕಾಗದದಷ್ಟೂ ಇರುವುದಿಲ್ಲ. ಕೆಳಗಿನ ಮರ ಮೆತ್ತಗಿದ್ದರೆ ಎರಡೂ ಸೇರಿ ಕುಸಿಯುತ್ತವೆ. ಮರದ ಪ್ರಶ್ನೆ ಈಗ ಬರಬೇಕು ಅಂದಿದ್ದು ಇದಕ್ಕೇ.

ಯಾವ ಮರ

ಮರದ ಗಟ್ಟಿತನ ಅಳೆಯಲು ಜಾಂಕಾ ಅಂತ ಒಂದು ಪರೀಕ್ಷೆ ಇದೆ. 11.28 ಮಿಲಿಮೀಟರ್ ಅಗಲದ ಉಕ್ಕಿನ ಗುಂಡನ್ನು ಅರ್ಧ ಮುಳುಗುವ ತನಕ ಮರಕ್ಕೆ ಒತ್ತುತ್ತಾರೆ, ಎಷ್ಟು ಬಲ ಬೇಕಾಯಿತು ಅನ್ನುವುದೇ ಅಂಕೆ. ಬಿಳಿ ಪೈನ್‌ಗೆ ಸುಮಾರು 380 ಪೌಂಡ್. ವಾಲ್‌ನಟ್ 1010. ತೇಗವೂ ಅದರ ಆಸುಪಾಸಿನಲ್ಲೇ. ಕೆಂಪು ಓಕ್ 1290, ಗಟ್ಟಿ ಮೇಪಲ್ 1450. ಬರೀ ಕಂಪ್ಯೂಟರ್ ಇಡುವ ಮೇಜಿಗೆ ಪೈನ್ ಸಾಕು. ಮಕ್ಕಳು ಕೂತು ಲೆಕ್ಕ ಮಾಡುವ ಮೇಜಿಗೆ, ಅಥವಾ ನೀವು ಪೆನ್ನು ಒತ್ತಿ ಬರೆಯುವವರಾದರೆ, 1000ದ ಮೇಲಿನದ್ದನ್ನೇ ನೋಡಿ. ಇಲ್ಲದಿದ್ದರೆ ಮೇಜಿನ ಮೇಲೊಂದು ದಪ್ಪ ರಟ್ಟು ಅಥವಾ ಚರ್ಮದ ಹಾಸು ಹಾಕಿಕೊಳ್ಳಿ, ಪೈನ್ ಕೂಡ ಬಾಳುತ್ತದೆ.

ಗಟ್ಟಿತನದಷ್ಟೇ ಮುಖ್ಯವಾದದ್ದು ರಂಧ್ರ, ಅದನ್ನು ಯಾರೂ ಕೇಳುವುದಿಲ್ಲ. ಓಕ್‌ನಲ್ಲಿ ಬರಿಗಣ್ಣಿಗೆ ಕಾಣುವ ಉದ್ದುದ್ದ ರಂಧ್ರಗಳಿವೆ. ಎಣ್ಣೆ ಮಾತ್ರ ಹಚ್ಚಿದರೆ ಆ ಗೆರೆಗಳು ತೆರೆದೇ ಇರುತ್ತವೆ. ನೋಡಲು ಚೆಂದ, ಆದರೆ ಒಂದೇ ಹಾಳೆ ಇಟ್ಟು ಬರೆದರೆ ಪೆನ್ನು ಕುಣಿಯುತ್ತದೆ. ಮೇಪಲ್‌ನ ಮೈ ಮುಚ್ಚಿದ್ದು, ಗಾಜಿನ ಹಾಗೆ ನುಣುಪಾಗುತ್ತದೆ. ಓಕ್‌ಗೆ ಪೊರೆ ಕಟ್ಟುವ ಫಿನಿಶ್ ಆರಿಸಿದರೆ ರಂಧ್ರ ತುಂಬುವ ಫಿಲ್ಲರ್ ಮೊದಲು ಹಚ್ಚಬೇಕು, ಇಲ್ಲದಿದ್ದರೆ ಹತ್ತು ಕೈ ಬಳಿದರೂ ಮೈ ಸಮವಾಗುವುದಿಲ್ಲ.

ತೇಗದ್ದು ಬೇರೆ ಕತೆ. ಅದರ ಮೈಯಲ್ಲೇ ಎಣ್ಣೆ ಇದೆ. ಅಂಟು ಹಚ್ಚುವ ಮುನ್ನ, ಫಿನಿಶ್ ಹಚ್ಚುವ ಮುನ್ನ ಅಸಿಟೋನ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಆರಿದ ತಕ್ಷಣ ಕೆಲಸ ಮುಂದುವರಿಸಿ. ಬಟ್ಟೆ ಹಳದಿಯಾಗುವುದು ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ಎಣ್ಣೆಯ ಪಾಲಿಯುರಿಥೇನ್ ಒಣಗದೆ ಅಂಟಂಟಾಗಿ ಉಳಿದರೆ ಮೇಣ ತೆಗೆದ ಅರಗನ್ನು ಅಡಿಗೆ ಹಚ್ಚುವುದೇ ಮದ್ದು. ಇನ್ನು ತೇಗದಲ್ಲಿ ಸಿಲಿಕಾ ಇರುವುದರಿಂದ ಉಳಿ, ಹತ್ತರಿಯ ಬಾಯಿ ಬೇಗ ಮೊಂಡಾಗುತ್ತದೆ. ಪಕ್ಕದಲ್ಲೇ ಸಾಣೆಕಲ್ಲು ಇಟ್ಟುಕೊಂಡು ಕೂರಿ. ಇಷ್ಟಾದರೂ ತೇಗ ಒಳ್ಳೆಯದು ಅನ್ನುತ್ತೇನೆ. ಕಾರಣ ಗೆದ್ದಲು, ಹುಳು ಅದರ ಚೇಗನ್ನು (ನಡುವಿನ ಗಟ್ಟಿ ತಿರುಳನ್ನು) ಸುಲಭಕ್ಕೆ ಮುಟ್ಟುವುದಿಲ್ಲ ಅನ್ನುವುದಷ್ಟೇ ಅಲ್ಲ. ಅದು ಅಲುಗಾಡುವುದು, ಅಂದರೆ ಹಿಗ್ಗಿ ಕುಗ್ಗುವುದು, ಕಡಿಮೆ.

ಮರ ಅಲುಗಾಡುತ್ತದೆ

ನಾನು ಕೆಡಿಸಿದ ಮೇಜು ಇದರಿಂದಲೇ ಕೆಟ್ಟದ್ದು. ಓಕ್‌ನ ಐದು ಹಲಗೆ ಅಂಟಿಸಿ ಎರಡು ಅಡಿ ಅಗಲದ ಮೇಲ್ಮೈ ಮಾಡಿದ್ದೆ. ಗಟ್ಟಿಯಾಗಿರಲಿ ಅಂತ ಕೆಳಗಿನ ಚೌಕಟ್ಟಿಗೆ ಸುತ್ತಲೂ ಅಂಟು ಹಾಕಿ, ಸ್ಕ್ರೂನಿಂದ ಬಿಗಿದಿದ್ದೆ. ಮಾಡಿದ್ದು ತೇವದ ತಿಂಗಳಲ್ಲಿ. ಒಣಹವೆ ಶುರುವಾದ ಮೇಲೆ ಒಂದು ರಾತ್ರಿ ಟಪ್ ಅಂತ ಸದ್ದು. ಏನೋ ಬಿತ್ತು ಅಂದುಕೊಂಡು ಮಲಗಿದೆ. ಬೆಳಿಗ್ಗೆ ನೋಡಿದರೆ ಎಡತುದಿಯಿಂದ ಒಂದು ಗೇಣು ಉದ್ದಕ್ಕೆ ಹಲಗೆ ಸೀಳಿದೆ. ಅದರೊಳಗೆ ಪೋಸ್ಟ್‌ಕಾರ್ಡ್ ತೂರುತ್ತಿತ್ತು. ಬಿರುಕು ಬಿಟ್ಟದ್ದು ಅಂಟಿದ ಕಡೆಯಲ್ಲ, ಅದರ ಪಕ್ಕದ ಮರದಲ್ಲಿ. ಅಂಚಿಗೆ ಅಂಚು ಸರಿಯಾಗಿ ಅಂಟಿದ ಜಾಗ ಮರಕ್ಕಿಂತ ಗಟ್ಟಿ ಅನ್ನುವ ಮಾತು ಅವತ್ತು ಕಣ್ಣಾರೆ ಕಂಡೆ. ಸಮಾಧಾನಕ್ಕೆ ಅಷ್ಟೇ ಸಿಕ್ಕಿದ್ದು.

ಮರ ತೇವ ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಎಷ್ಟೇ ಹಳೆಯ ಮರವಾದರೂ, ಯಾವ ಫಿನಿಶ್ ಹಚ್ಚಿದರೂ ಇದು ನಿಲ್ಲುವುದಿಲ್ಲ, ನಿಧಾನವಾಗುತ್ತದೆ ಅಷ್ಟೇ. ಎಳೆಯ ಉದ್ದಕ್ಕೆ ಗಮನಕ್ಕೆ ಬಾರದಷ್ಟು ಕಡಿಮೆ, ಎಳೆಗೆ ಅಡ್ಡಲಾಗಿ ಜಾಸ್ತಿ. ಕೆಂಪು ಓಕ್‌ನ 60 ಸೆಂಟಿಮೀಟರ್ ಅಗಲದ ಮೇಲ್ಮೈ ತೆಗೆದುಕೊಳ್ಳಿ. ಮರದೊಳಗಿನ ತೇವ ಶೇಕಡಾ 10ರಿಂದ 6ಕ್ಕೆ ಇಳಿದರೆ ಅಗಲ ಸುಮಾರು 9 ಮಿಲಿಮೀಟರ್ ಕಡಿಮೆಯಾಗುತ್ತದೆ. ತೇಗವಾದರೆ ಅದರ ಅರ್ಧ. ಇದು ದಿಮ್ಮಿಯನ್ನು ನೇರಕ್ಕೆ ಸೀಳಿದ ಸಾಮಾನ್ಯ ಹಲಗೆಯ ಲೆಕ್ಕ. ದಿಮ್ಮಿಯ ನಡುವಿನಿಂದ ಹೊರಕ್ಕೆ, ಉಂಗುರಗಳು ನೆಟ್ಟಗೆ ನಿಲ್ಲುವ ಹಾಗೆ ಸೀಳಿದ ಓಕ್ ಆದರೆ 4 ಮಿಲಿಮೀಟರ್‌ಗೆ ಇಳಿಯುತ್ತದೆ. ಹಲಗೆಯ ತುದಿ ನೋಡಿ, ಉಂಗುರದ ಗೆರೆಗಳು ಮಲಗಿವೆಯೋ ನಿಂತಿವೆಯೋ ಅಂತ. ನಿಂತಿದ್ದರೆ ಅದನ್ನೇ ಎತ್ತಿಕೊಳ್ಳಿ.

ಹಾಗಾಗಿ ಮೇಲ್ಮೈಯನ್ನು ಅಂಟಿಸಬಾರದು, ಹಿಡಿದುಕೊಳ್ಳಬೇಕು. ಚೌಕಟ್ಟಿನಲ್ಲಿ ಸ್ಕ್ರೂ ತೂತನ್ನು ಉದ್ದುದ್ದ ಮಾಡಿ ವಾಷರ್ ಹಾಕುವುದು ಒಂದು ದಾರಿ. ಚೌಕಟ್ಟಿನ ಒಳಗೆ ಸಣ್ಣ ಕಾಲುವೆಯಂತೆ ಕೊರೆದು, ಅದರಲ್ಲಿ ನಾಲಿಗೆ ತೂರುವ ಮರದ ಬಿಲ್ಲೆಗಳನ್ನು ಮೇಲ್ಮೈಗೆ ಸ್ಕ್ರೂ ಮಾಡುವುದು ಇನ್ನೊಂದು. ಬಿಲ್ಲೆ ಮಾಡಲು ಒಂದು ಸಂಜೆ ಹೆಚ್ಚು ಬೇಕು, ಆದರೆ ನನಗೆ ಅದೇ ಇಷ್ಟ. ಕೆಳಗಿನ ಮುಖಕ್ಕೂ ಮೇಲಿನಷ್ಟೇ ಕೈ ಫಿನಿಶ್ ಹಚ್ಚಿ. ಒಂದು ಮುಖ ಬೇಗ ತೇವ ಕುಡಿದು ಇನ್ನೊಂದು ತಡವಾಗಿ ಕುಡಿದರೆ ಹಲಗೆ ತಟ್ಟೆಯ ಹಾಗೆ ಬಾಗುತ್ತದೆ.

ಮರ ಒಣಗಿದೆಯೋ ಇಲ್ಲವೋ ನೋಡಲು ತೇವ ಅಳೆಯುವ ಮೀಟರ್ ಇಲ್ಲದಿದ್ದರೂ ಚಿಂತೆಯಿಲ್ಲ. ಹಲಗೆಯನ್ನು ಮೇಜು ಇಡುವ ಕೋಣೆಯಲ್ಲೇ ಸಂದು ಬಿಟ್ಟು ಪೇರಿಸಿ. ವಾರಕ್ಕೊಮ್ಮೆ ಒಂದೇ ಹಲಗೆಯನ್ನು ತೂಕ ಮಾಡಿ ಬರೆದಿಡಿ. ತೂಕ ಇಳಿಯುವುದು ನಿಂತ ಮೇಲೆ ಗರಗಸ ಹಿಡಿಯಿರಿ.

ಇಷ್ಟೆಲ್ಲ ತಲೆನೋವು ಬೇಡ ಅನ್ನುವವರಿಗೆ ಪ್ಲೈವುಡ್ ಇದೆ. ಒಂದರ ಮೇಲೊಂದು ಅಡ್ಡಡ್ಡ ಅಂಟಿಸಿದ ಪದರಗಳು ಪರಸ್ಪರ ಹಿಡಿದುಕೊಳ್ಳುವುದರಿಂದ ಅದು ಅಲುಗಾಡುವುದು ಅತ್ಯಲ್ಪ. ಸುತ್ತಲೂ ಅಂಟು ಹಾಕಿ, ಯಾರೂ ಕೇಳುವುದಿಲ್ಲ. ಆದರೆ ಮೇಲಿನ ಅಲಂಕಾರದ ಪದರ ಬಹಳ ತೆಳು, ಅರ್ಧ ಮಿಲಿಮೀಟರ್‌ಗಿಂತ ಕಡಿಮೆ ಇರುವುದೇ ಹೆಚ್ಚು. ಯಂತ್ರದಿಂದ ಉಜ್ಜಿದರೆ ಕ್ಷಣದಲ್ಲಿ ಕೆಳಗಿನ ಪದರ ಇಣುಕುತ್ತದೆ. ಮುಂದೆ ಎಂದಾದರೂ ಪೂರ್ತಿ ಉಜ್ಜಿ ಹೊಸದು ಮಾಡೋಣ ಅನ್ನುವ ಆಸೆ ಬಿಡಬೇಕು. ಹಾಗಾಗಿ ಪ್ಲೈವುಡ್‌ಗೆ ಗಟ್ಟಿ ಪೊರೆಯೇ ಸರಿ, ಎಣ್ಣೆ ಬೇಡ. ಅಂಚಿಗೆ ಒಂದು ಇಂಚಿನ ಗಟ್ಟಿ ಮರದ ಪಟ್ಟಿ ಅಂಟಿಸಿದರೆ ಮೊಣಕೈ ತಾಗುವ ಕಡೆ ಮರವೇ ಇರುತ್ತದೆ. ಬಡಗಿ ಕೆಲಸದ ಹೆಮ್ಮೆ ಇರುವವರು ಮೂಗು ಮುರಿಯುತ್ತಾರೆ, ಮುರಿಯಲಿ. ಸೀಳಿದ ಮೇಜಿನ ಮುಂದೆ ಕೂತವನು ನಾನು, ನನಗೆ ಆ ಹೆಮ್ಮೆ ಉಳಿದಿಲ್ಲ.

ಸಣ್ಣ ತುಂಡುಗಳನ್ನು ಹಲ್ಲು ಕಚ್ಚಿಸಿ ಅಂಟಿಸಿದ ಫಿಂಗರ್ ಜಾಯಿಂಟ್ ಹಲಗೆ ನೋಡಲು ಪ್ಲೈವುಡ್‌ನಂತೆ ಅನ್ನಿಸಿದರೂ ಅದು ಗಟ್ಟಿ ಮರವೇ, ಹಿಗ್ಗಿ ಕುಗ್ಗುತ್ತದೆ. ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಎಂಡಿಎಫ್ ಹಲಗೆಯನ್ನು ಬಣ್ಣ ಬಳಿಯುವುದಾದರೆ ಮಾತ್ರ ಯೋಚಿಸಿ. ಅಂಚಿಗೆ ನೀರು ತಾಗಿದರೆ ಉಬ್ಬುತ್ತದೆ, ಅಂಚಿನಲ್ಲಿ ಸ್ಕ್ರೂ ನಿಲ್ಲುವುದಿಲ್ಲ.

ಕಾಲು ಮತ್ತು ಜೋಡಣೆ

ಇಲ್ಲಿ ಜಾಸ್ತಿ ಹೇಳುವುದಿಲ್ಲ. ನಾಲ್ಕು ಕಾಲು, ಅವುಗಳ ನಡುವೆ ಮೂರು ನಾಲ್ಕು ಇಂಚಿನ ಪಟ್ಟಿಗಳ ಚೌಕಟ್ಟು, ಇದು ಎಲ್ಲಕ್ಕಿಂತ ಹಳೆಯದು ಮತ್ತು ಅಲುಗದ್ದು. ಕಾಲಿನಲ್ಲಿ ಚೌಕ ತೂತು, ಪಟ್ಟಿಯ ತುದಿಯಲ್ಲಿ ಅದಕ್ಕೆ ಬಿಗಿಯಾಗಿ ಕೂರುವ ನಾಲಿಗೆ. ನಾಲಿಗೆಯ ದಪ್ಪ ಪಟ್ಟಿಯ ದಪ್ಪದ ಮೂರನೇ ಒಂದು ಭಾಗ. ಉಳಿ ಹಿಡಿಯಲು ಧೈರ್ಯ ಸಾಲದಿದ್ದರೆ ಮರದ ಡೋವೆಲ್ ಗೂಟಗಳನ್ನು ಎರಡೆರಡು ಹಾಕಿ. ಬರೀ ಸ್ಕ್ರೂ ಮತ್ತು ಅಂಟು ಸಾಲುವುದಿಲ್ಲ, ಯಾಕೆಂದರೆ ಪಟ್ಟಿಯ ತುದಿ ಅಂಟನ್ನು ಹೀರಿಬಿಡುತ್ತದೆ, ಹಿಡಿಯುವುದಿಲ್ಲ.

ಕಬ್ಬಿಣದ ಸರಳಿನ ಕಾಲುಗಳು ಅರ್ಧ ಗಂಟೆಯಲ್ಲಿ ಕೂರುತ್ತವೆ, ಆದರೆ ಚೌಕಟ್ಟು ಇಲ್ಲದ ಕಾರಣ ಬರೆಯುವಾಗ ಮೇಜು ತೂಗುತ್ತದೆ. ಉದ್ದ ಮೇಜಾದರೆ ನಡುವೆ ಬಾಗುತ್ತದೆ ಕೂಡ. ಹಲಗೆಯ ದಪ್ಪ ಎರಡರಷ್ಟಾದರೆ ಬಾಗದೆ ನಿಲ್ಲುವ ಶಕ್ತಿ ಎಂಟರಷ್ಟಾಗುತ್ತದೆ, ಅಂದರೆ ಕಾಲಂಶ ಇಂಚು ಜಾಸ್ತಿ ದಪ್ಪಕ್ಕೂ ಬೆಲೆ ಇದೆ. ಮನೆ ಬದಲಿಸುತ್ತಲೇ ಇರುವವರಿಗೆ ಎರಡು ಕುದುರೆ ಕಾಲಿನ (ತಾನೇ ನಿಲ್ಲುವ ಬಿಡಿ ಸ್ಟ್ಯಾಂಡಿನ) ಮೇಲೆ ಹಲಗೆ ಇಡುವುದು ಒಳ್ಳೆಯದು, ಬಿಚ್ಚಿ ಗೋಡೆಗೆ ಒರಗಿಸಬಹುದು.

ಡ್ರಾಯರ್ ಬೇಕೇ ಅಂತ ಯೋಚಿಸುವಾಗ ಟೇಪು ತೆಗೆಯಿರಿ. ಮೇಜಿನ ಎತ್ತರ 74 ಸೆಂಟಿಮೀಟರ್ ಅಂದುಕೊಳ್ಳಿ. ಮೇಲ್ಮೈ ಎರಡೂವರೆ, ಡ್ರಾಯರ್ ಹತ್ತು. ಉಳಿದದ್ದು 61.5. ಕುರ್ಚಿ 45 ಸೆಂಟಿಮೀಟರ್ ಇದ್ದರೆ ತೊಡೆಗೆ ಸಿಗುವುದು ಹದಿನಾರೂವರೆ. ಕಾಲ ಮೇಲೆ ಕಾಲು ಹಾಕಿ ಕೂರುವವರಾದರೆ ಡ್ರಾಯರನ್ನು ಒಂದು ಬದಿಗೆ ಸರಿಸಿ, ನಡುವೆ ಬೇಡ.

ಉಜ್ಜುವುದು, ಕಾಯುವುದು

ಉಪ್ಪುಕಾಗದ 80, 120, 180, 220, ಈ ಕ್ರಮ ಸಾಕು. ಒಂದನ್ನೂ ಹಾರಿಸಬೇಡಿ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಹಲಗೆಗೆ ತಾಗುವಷ್ಟು ಕೆಳಗೆ ಹಿಡಿದು ಅಡ್ಡ ಬೆಳಕು ಬಿಡಿ. ಹಗಲಿನಲ್ಲಿ ಕಾಣದ ಸುರುಳಿ ಗೀರುಗಳೆಲ್ಲ ಎದ್ದು ನಿಲ್ಲುತ್ತವೆ. ಅಂಟು ಹನಿಸಿದ ಕಲೆಯೂ ಇದೇ ಹೊತ್ತಿಗೆ ಕಾಣಬೇಕು, ಫಿನಿಶ್ ಹಚ್ಚಿದ ಮೇಲೆ ಕಂಡರೆ ತಡವಾಯಿತು. ಎಣ್ಣೆ ಹಚ್ಚುವವರು 220ಕ್ಕೆ ನಿಲ್ಲಿಸಿ. ಇನ್ನೂ ನುಣುಪು ಮಾಡಿದರೆ ಮರ ಎಣ್ಣೆ ಕುಡಿಯುವುದೇ ಕಡಿಮೆ. ಪೊರೆ ಕಟ್ಟುವುದಾದರೆ ಕೈ ಕೈಗಳ ನಡುವೆ 320ರಿಂದ ಹಗುರವಾಗಿ ಒಂದು ಸವರು, ದೂಳು ಒರೆಸಿ ಮುಂದಿನ ಕೈ.

ಕೊನೆಯ ಕೈ ಆದ ಮೇಲೆ ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ. ಮೋಸ ಹೋಗಬೇಡಿ. ಮುಟ್ಟಲು ಒಣಗುವುದು ಬೇರೆ, ಒಳಗೆ ಗಟ್ಟಿಯಾಗುವುದು ಬೇರೆ. ಎಣ್ಣೆಯ ಪಾಲಿಯುರಿಥೇನ್ ಪೂರ್ತಿ ಗಟ್ಟಿಯಾಗಲು ಒಂದು ತಿಂಗಳು ಹಿಡಿಯುತ್ತದೆ. ಮೂಗನ್ನು ಹಲಗೆಗೆ ತಾಗಿಸಿ ನೋಡಿ, ವಾಸನೆ ಬರುತ್ತಿದ್ದರೆ ಇನ್ನೂ ಆಗಿಲ್ಲ. ಕೂತು ಬರೆಯಬಹುದು, ಹಗುರ ಪುಸ್ತಕ ಇಡಬಹುದು. ಬಟ್ಟೆ ಹಾಸಬೇಡಿ, ರಬ್ಬರ್ ಪಾದ ಇರುವ ಯಾವುದನ್ನೂ ಇಡಬೇಡಿ. ನಾನು ಆರನೇ ದಿನಕ್ಕೇ ಟೇಬಲ್ ಲ್ಯಾಂಪ್ ತಂದು ಇಟ್ಟೆ. ತಿಂಗಳ ಮೇಲೆ ಎತ್ತಿದಾಗ ಚರ್ ಅಂತ ಸದ್ದು ಬಂತು. ಈಗಲೂ ಆ ಮೇಜಿನ ಬಲಮೂಲೆಯಲ್ಲಿ ಬಟನ್ನಿನಷ್ಟು ದೊಡ್ಡ ನಾಲ್ಕು ಗುರುತು ಇವೆ. ಅವುಗಳನ್ನು ಮುಚ್ಚಲು ಲ್ಯಾಂಪನ್ನು ಅಲ್ಲೇ ಇಟ್ಟಿದ್ದೇನೆ, ಬೆಳಕು ಎಡಗಡೆಯಿಂದ ಬರಬೇಕಾಗಿತ್ತು.